ಬೀಗ ಹಾಕಿದ ನಳ

ತುಂಬಿದ ಕೊಡವೇ, ಸಂಶಯವಿಲ್ಲ, ಖಾಲಿ ಕೊಡದವರ ನಡಿಗೆ ಬೇರೆ, ಇದು ಒಂದು ಕಡೆ ವಾಲಿ ಹೆಜ್ಜೆ ಒತ್ತಿ ಇಡುವವರ ನಡಿಗೆ, ಒಬ್ಬರು ಹೋದರು, ಹಿಂದೆಯೇ ಇನ್ನೊಬ್ಬರು, ತುಳುಕಿದ ನೀರು ಮಣ್ಣಿಗೆ ಬಿದ್ದ ಸಪ್ಪಳ — ಸುಂಕಮ್ಮ ಒಲೆಯ ಮುಂದಿನಿಂದ ಏಳಲಿಲ್ಲ, ಒಲೆ ಹೊತ್ತಿಸಿಲ್ಲ, ಕೇರಿಯಲ್ಲಿ ಹೆಣ ಇರುವಾಗ ಯಾರ ಮನೆಯಲ್ಲೂ ಹೊಗೆ ಏಳುವುದಿಲ್ಲ, ಆದರೂ ತಣ್ಣಗಿನ ಬೂದಿಯ ಮುಂದೆ ಕೂತಿದ್ದಾಳೆ, ಬಾಗಿಲ ಸಂದಿನಲ್ಲಿ ಸೀರೆಯ ಅಂಚುಗಳು ಮಾತ್ರ ಕಾಣುತ್ತವೆ, ಒದ್ದೆ ಅಂಚುಗಳು, ಎಲ್ಲವೂ ಹಳೇ ಬಾವಿಯ ಕಡೆಯಿಂದ ಬರುತ್ತಿವೆ, ಪಕ್ಕದ ಮನೆಯ ಗಿಡ್ಡಮ್ಮನ ಮೈ ತೊಳೆಯಲು ನೀರು, ಗಿಡ್ಡಮ್ಮ ಬಿದ್ದು ಸತ್ತ ಬಾವಿಯ ನೀರನ್ನೇ ಗಿಡ್ಡಮ್ಮನಿಗೆ ಹೊರುತ್ತಿದ್ದಾರೆ, ನಳ ಇಲ್ಲಿದೆಯಲ್ಲ, ಇಡೀ ಕೇರಿಗೆ ಇದೊಂದೇ ನಳ, ಅವರು ತುಳಿದು ಹೋಗುವ ದಾರಿಯ ಮೇಲೆಯೇ ಇವಳ ಅಂಗಳ, ಅಂಗಳದಲ್ಲಿ ನಳ, ಆದರೂ ಯಾರೂ ನಿಲ್ಲಲಿಲ್ಲ, ಯಾರೂ ಸುಂಕಮ್ಮ ಎಂದು ಕೂಗಲಿಲ್ಲ, ಕೂಗಿದ್ದರೆ ಏಳುತ್ತಿದ್ದಳು, ಬೈದಿದ್ದರೂ ಏಳುತ್ತಿದ್ದಳು.

ಮದುವೆಯಾಗಿ ಚಿಗಟೇರಿಯಿಂದ ಬಂದಾಗ ಕೇರಿಯ ಬಾಯಲ್ಲಿ ಬೀದಿ ನಳ ಇತ್ತು, ದಾರದಷ್ಟು ಸಣ್ಣಗೆ ಬರುವ ನೀರು, ಅದರ ಮುಂದೆ ಕೊಡಗಳ ಪಾಳಿ, ಕೊಡ ಬಿಟ್ಟು ಕೂಲಿಗೆ ಹೋಗಲಾಗದವರು ಕಲ್ಲಿಟ್ಟು ಪಾಳಿ ಹಿಡಿಯುವರು, ಹೊಸಬಳ ಕಲ್ಲನ್ನು ಯಾರು ಬೇಕಾದರೂ ಸರಿಸುವರು, ಗಿಡ್ಡಮ್ಮ ಮಾತ್ರ ತನ್ನ ಕಲ್ಲಿನ ಪಕ್ಕದಲ್ಲಿ ಇನ್ನೊಂದು ಕಲ್ಲಿಟ್ಟು, ಇದು ಸುಂಕಿದು, ಯಾರೂ ಮುಟ್ಟಬ್ಯಾಡ್ರಿ, ಎಂದು ಅದರ ಮೇಲೆ ಪಾದ ಊರಿ ನಿಲ್ಲುವಳು, ರಕ್ತ ಸಂಬಂಧವಲ್ಲ, ಏನೂ ಅಲ್ಲ, ಆದರೂ ಸುಂಕಮ್ಮನ ಬಾಯಿಗೆ ಅತ್ತಿ ಎಂದು ತಾನಾಗಿ ಬಂದಿತ್ತು, ಬಸುರಿಯಾಗಿದ್ದಾಗ ಎರಡೂ ಮನೆಯ ಕೊಡ ಗಿಡ್ಡಮ್ಮನ ಸೊಂಟದ ಮೇಲೆಯೇ — ಮುಂದೆ ಇವಳ ಅಂಗಳಕ್ಕೆ ಮೀಟರಿನ ನಳ ಬಂದ ದಿನವೂ ಅದಕ್ಕೆ ಅರಿಶಿನ ಬಳಿದವಳು ಅವಳೇ, ಮೊದಲ ಬೊಗಸೆ ಕುಡಿದು, ತಣ್ಣಗೈತವ್ವ, ನಿನ್ನ ಹೊಟ್ಟಿ ತಣ್ಣಗಿರ್ಲಿ ಎಂದಿದ್ದಳು, ಮೀಟರಿನ ಗಾಜಿನೊಳಗೆ ಅಂಕಿ ತಿರುಗುವುದನ್ನು ಬಗ್ಗಿ ನೋಡಿ ನಕ್ಕಿದ್ದಳು. ಸುಂಕಮ್ಮನ ಗಂಡ ನಾಗೇಂದ್ರಪ್ಪ ದನದ ಆಸ್ಪತ್ರೆಯಲ್ಲಿ ಅಟೆಂಡರು, ನೌಕರಿ ಕಾಯಂ ಆದ ವರ್ಷವೇ ಪುರಸಭೆಗೆ ಅರ್ಜಿ ಕೊಟ್ಟ, ಪ್ಯಾಟಿ ಮಂದಿ ಮನಿಯಾಗ ನಳ ಇರಬೌದು, ನಮ್ಮ ಮನಿಯಾಗ ಯಾಕ ಇರಬಾರದು ಎಂದ, ಸರಿಯಾಗಿಯೇ ಹೇಳಿದ್ದ, ಅವಳಿಗೂ ಎದೆ ಉಬ್ಬಿತ್ತು, ಆದರೆ ಅರ್ಜಿಯ ಬೆನ್ನ ಹಿಂದೆ ಇನ್ನೊಂದು ರೂಲ್ಸು ಇದೆಯೆಂದು ಯಾರಿಗೆ ಗೊತ್ತಿತ್ತು, ಮನೆ ನಳ ಬಂದ ಓಣಿಯಲ್ಲಿ ಪುಕ್ಕಟೆ ನಳ ಇರುವ ಹಾಗಿಲ್ಲವಂತೆ, ಒಂದು ಮಧ್ಯಾಹ್ನ ಪುರಸಭೆಯವರು ಬಂದು ಬೀದಿ ನಳವನ್ನು ತಿರುಗಿಸಿ ಕಿತ್ತು ಪೈಪಿನ ಬಾಯಿಗೆ ಮುಚ್ಚಳ ಬಿಗಿದು ಹೋದರು, ಬೇಕಾದವರು ಮೀಟರು ಹಾಕಿಸಿಕೊಳ್ಳಿರಿ ಎಂದರು, ಯಾರು ಹಾಕಿಸಬೇಕು, ಮನೆಯ ಹಕ್ಕುಪತ್ರ ಇಲ್ಲದವರಿಗೆ ಮೀಟರಿಲ್ಲ, ಕೇರಿಯಲ್ಲಿ ಹಕ್ಕುಪತ್ರ ಇದ್ದವರು ಎಷ್ಟು ಮಂದಿ, ಹಾಗಾಗಿ ಪಾಳಿ ಎದ್ದು ಇವಳ ಅಂಗಳಕ್ಕೆ ಬಂತು, ಬರಲಿ ಎಂದಳು, ಬರ್ರಿ ಎಂದಳು, ಮೊದಮೊದಲು ಅವಳೇ ಕೊಡ ಎತ್ತಿ ಕೊಡುತ್ತಿದ್ದಳು.

ಆಮೇಲೆ ಬಿಲ್ಲು ಬಂತು, ಒಂದು ಮನೆಗೆ ಇಷ್ಟೇ ನೀರು, ಅದಕ್ಕಿಂತ ಮೇಲೆ ಹೋದದ್ದಕ್ಕೆಲ್ಲ ಹೋಟೆಲಿನವರಿಗೆ ಹಾಕುವ ದರ, ಬಿಲ್ಲಿನ ಹಿಂದೆಯೇ ನೀರಿನ ಇನ್ಸ್‌ಪೆಕ್ಟರ್ ಶಿವಯೋಗಪ್ಪನೂ ಬಂದ, ಕೆಟ್ಟವನಲ್ಲ, ದನಿ ಏರಿಸಲಿಲ್ಲ, ನೋಡಮ್ಮ, ಮನಿ ಮೀಟರಿನ ನೀರು ಮನಿಯವರಿಗೆ, ಬ್ಯಾರೇವ್ರಿಗೆ ಕೊಟ್ರ ಮಾರಿದಂಗ ಲೆಕ್ಕ, ಇನ್ನೊಮ್ಮೆ ಕಂಡ್ರ ಕನೆಕ್ಷನ್ ಕಟ್, ನಿನ್ನ ಗಂಡನ ಆಫೀಸಿಗೂ ಬರೀಬೇಕಾಗತೈತಿ, ರೂಲ್ಸ್ ನಾನು ಮಾಡಿಲ್ಲ, ಎಂದ, ಬಿಸಿಲಲ್ಲಿ ಬಂದಿದ್ದಾನಲ್ಲ ಎಂದು ಅವಳು ಅದೇ ನಳದ ನೀರನ್ನು ತಂಬಿಗೆಯಲ್ಲಿ ಹಿಡಿದು ಕೊಡಹೋದರೆ, ಈಗಷ್ಟ ಚಾ ಆತು ಎಂದು ಬೆವರು ಒರೆಸಿಕೊಂಡ, ಗಂಟಲ ಮಣಿ ಮೇಲೆ ಕೆಳಗೆ ಆಡುತ್ತಿತ್ತು, ಮುಟ್ಟಲಿಲ್ಲ, ತಾನೇ ಅಳೆದು ಕೊಟ್ಟ ನೀರನ್ನು ಮುಟ್ಟಲಿಲ್ಲ. ಅಂದು ಸಂಜೆಯೇ ನಾಗೇಂದ್ರಪ್ಪ ತಗಡಿನ ಡಬ್ಬಿ ತಂದು ನಳದ ಮೇಲೆ ಕೂರಿಸಿ ಬೀಗ ಜಡಿದ, ಕೀಲಿಯನ್ನು ಇವಳು ಕೊರಳ ದಾರಕ್ಕೆ ಕಟ್ಟಿಕೊಂಡಳು, ಕೇರಿ ಸುಮ್ಮನೆ ಹಳೇ ಬಾವಿಯ ದಾರಿ ಹಿಡಿಯಿತು, ಪಾಚಿ ಕಟ್ಟಿದ ಮೆಟ್ಟಿಲ ಬಾವಿ.

ನಿನ್ನೆ ಮಧ್ಯಾಹ್ನ, ಗಿಡ್ಡಮ್ಮನ ಸೊಸೆ ದುರುಗಮ್ಮ ಶೇಂಗಾ ಬಿಡಿಸಲು ಹೋಗಿದ್ದಳು, ಗಿಡ್ಡಮ್ಮ ಒಬ್ಬಳೇ, ಮೊಣಕಾಲು ಊದಿಕೊಂಡು ಗೋಡೆ ಹಿಡಿದು ಬಂದಳು, ಸುಂಕಿ, ಅರ್ಧ ಕೊಡ ಸಾಕವ್ವ, ಬಾಯಿ ಒಣಗೈತಿ, ಬಾವಿ ಇಳಿಯಾಕ ಆಗವಲ್ದು — ಓಣಿಯ ತಿರುವಿನಲ್ಲಿ ಶಿವಯೋಗಪ್ಪನ ಸೈಕಲ್ಲು ನಿಂತಿತ್ತು, ನಿಂತಿತ್ತೋ ಇಲ್ಲವೋ, ನಿಂತಿತ್ತು ಎಂದೇ ಅವಳಿಗೆ ಅನ್ನಿಸಿತ್ತು, ಕೀಲಿ ಅವರ ಹತ್ರ ಐತಿ ಅತ್ತಿ, ಎಂದಳು, ಎಷ್ಟು ಸಲೀಸಾಗಿ ಬಂತು ಮಾತು, ಗಿಡ್ಡಮ್ಮ ಅವಳ ಕೊರಳ ಕಡೆ ನೋಡಿದಳು, ನೋಡಿ ಕಣ್ಣು ಕೆಳಗಿಳಿಸಿದಳು, ಇರ್ಲಿ ಬಿಡವ್ವ ಎಂದಳು, ಅಷ್ಟೇ, ಒಳಗೆ ಹಂಡೆ ತುಂಬ ನೀರಿತ್ತು, ಒಂದು ತಂಬಿಗೆ ಮೊಗೆದು ಕೊಡಬಹುದಿತ್ತು, ಹೊಳೆಯಲಿಲ್ಲ, ಇಲ್ಲ, ಹೊಳೆದಿತ್ತು, ಒಬ್ಬರಿಗೆ ಕೊಟ್ಟರೆ ಮತ್ತೆ ಪಾಳಿ ಹತ್ತುತ್ತದೆ ಎಂಬುದೂ ಜೊತೆಗೇ ಹೊಳೆದಿತ್ತು, ಇವತ್ತು ಬೆಳಿಗ್ಗೆ ಬಾವಿಯಿಂದ ಎತ್ತಿದರು, ಪೊಲೀಸರವರೆಗೆ ಹೋಗುವುದು ಬೇಡ, ಕಾಲು ಜಾರಿದ್ದು ಎಂದು ಹಿರಿಯರು ಹೇಳಿದರು, ಕಾಲು ಜಾರಿದ್ದೇ ಹೌದು.

ಒಲೆಯ ಮುಂದಿನಿಂದ ಸುಂಕಮ್ಮ ಎದ್ದಳು, ಯಾವಾಗ ಎದ್ದಳೋ, ಡಬ್ಬಿ ತೆರೆದು ಕೊಡ ಇಟ್ಟು ನಳ ತಿರುಗಿಸಿದಳು, ತುಂಬಿಸಿಕೊಂಡು ಸೊಂಟಕ್ಕೇರಿಸಿ ಹೋದಳು, ಗಿಡ್ಡಮ್ಮನ ಅಂಗಳದಲ್ಲಿ ಹೆಂಗಸರು ಸರಿದು ದಾರಿ ಬಿಟ್ಟರು, ದುರುಗಮ್ಮ ತಂಬಿಗೆ ಹಿಡಿದು ನಿಂತಿದ್ದವಳು ತಿರುಗಿ ಕೊಡವನ್ನು ನೋಡಿದಳು, ಬ್ಯಾಡ ಬಿಡು ಯಕ್ಕ, ಮೀಟರ್ ಓಡತೈತಿ, ಎಂದಳು, ಸಿಟ್ಟಿಲ್ಲ, ಅಣಕವಿಲ್ಲ, ಒಲೆ ಬಿಸಿ ಇದೆ ಎಂದು ಹೇಳಿದ ಹಾಗೆ ಹೇಳಿ ಮತ್ತೆ ಬಾವಿಯ ನೀರಿಗೇ ಬಗ್ಗಿದಳು, ಸುಂಕಮ್ಮ ಕೊಡ ಇಳಿಸಲಾರಳು, ಹೊತ್ತು ಹಿಂದೆ ಹೋಗಲಾರಳು, ಗಿಡ್ಡಮ್ಮನನ್ನು ಗೋಡೆಗೆ ಆನಿಸಿ ಕೂರಿಸಿದ್ದಾರೆ, ತಲೆ ಹಿಂದಕ್ಕೆ ಬಿದ್ದಿದೆ, ಗದ್ದಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ದಾರೆ, ಬಾಯಿ ತೆರೆದಿದೆ, ದುರುಗಮ್ಮ ನೆತ್ತಿಯ ಮೇಲೆ ಸುರಿದಳು, ನೀರು ಹಣೆಯಿಂದ ಇಳಿದು ಬಾಯಿ ತುಂಬಿತು, ತುಂಬಿ ನಿಂತಿತು, ಗಂಟಲು ಅಲುಗಲಿಲ್ಲ, ಒಳಗೆ ಇಳಿಯಲಿಲ್ಲ, ತುಟಿಯ ಮೇಲಿಂದ ಹೊರಗೆ ಹರಿಯಿತು, ಯಾರಾದರೂ ಬಾಯಿ ಮುಚ್ಚಿರೇ ಎನ್ನಬೇಕು, ಅಷ್ಟರಲ್ಲಿ ಮತ್ತೊಂದು ತಂಬಿಗೆ, ಬಾಯಿ ತುಂಬಿತು, ಇಳಿಯಲಿಲ್ಲ, ಹೊರಗೆ ಹರಿಯಿತು, ಮತ್ತೆ ತುಂಬಿತು, ಇಳಿಯಲಿಲ್ಲ, ತೆರೆದ ಬಾಯಿ, ತುಂಬಿದ ಬಾಯಿ, ಇಳಿಯಲಿಲ್ಲ —