ಗಂಟು ಎಲ್ಲಿ ಇಡ್ಲಿರಿ
ಪುಷ್ಯದ ಮಂಜು ಆ ಮುಂಜಾನೆ ಕಾಲುವೆಯ ಮೇಲಿಂದ ಇನ್ನೂ ಎದ್ದಿರಲಿಲ್ಲ, ಸುರಪುರದ ಗುಡ್ಡಗಳು ಅರ್ಧ ಮುಳುಗಿದ್ದವು, ಹೊತ್ತೇರಿದರೆ ಇಷ್ಟೂ ಮಂಜು ಎಲ್ಲಿ ಹೋಗಿ ಅಡಗುತ್ತದೋ, ಶಿವನೇ ಬಲ್ಲ — ನೀರು ಬಳಕೆದಾರರ ಸಂಘದ ಗುಮಾಸ್ತೆ ಮೋನಮ್ಮ ಕಿಟಕಿಯಿಂದ ಕಂಪ್ಯೂಟರಿನತ್ತ ತಿರುಗಿದಳು, ಎಂಟಕ್ಕೆ ತೂಬು ಎತ್ತಬೇಕು, ಅದರಿಂದ ನೀರಿನ ಪಾಳಿಯ ಪಟ್ಟಿ ಬಂದಿಲ್ಲ, ಹೋದ ವಾರವೂ ಬರಲಿಲ್ಲ, ಕೈಯಲ್ಲಿ ಬರೆದ ಹಳೆಯ ಪಟ್ಟಿಯನ್ನೇ ಗೋಡೆಗೆ ಹಚ್ಚಿದ್ದಕ್ಕೆ ಮೇಲ್ಗಾಲುವೆಯ ಹುಲಗಪ್ಪ ಎರಡು ಸಲ ನೀರು ಹಾಯಿಸಿದ, ಕಾಲುವೆಯ ತುದಿಯ ಹಂಪಮ್ಮನ ಹೆಸರು ಅದರಲ್ಲಿರಲಿಲ್ಲ, ಅವಳ ಮೆಣಸಿನ ಗಿಡ ಬಾಡಿದವು, ಇವತ್ತೂ ನೀರು ಕಾಣದಿದ್ದರೆ ಒಣಗಿಯೇ ಹೋಗುತ್ತವೆ. ಹಂಪಮ್ಮ ಬಾಗಿಲಲ್ಲೇ ಕೂತಿದ್ದಾಳೆ, ಏನವ್ವಾ ಮೋನಮ್ಮ, ನಿನ್ನ ಮಷಿನ್ನು ಇವತ್ತರ ನನ್ನ ಹೆಸರು ಹೇಳತೈತೋ, ಇಲ್ಲಾ ಅದಕ್ಕೂ ನಾಕು ಹಸಿಮೆಣಸಿನಕಾಯಿ ತಿನಸಬೇಕೋ, ಹುಲಗಪ್ಪ ಕಂಬಕ್ಕೊರಗಿ, ನಾ ಪಟ್ಟಿ ಹೇಳಿದಂಗ ನಡದೀನಿ, ಕಳವು ಮಾಡಿಲ್ಲ. ತಪ್ಪು ಇಬ್ಬರದೂ ಅಲ್ಲ, ತನ್ನದು — ಶಹಾಪುರದ ಮನೆಯಲ್ಲಿ, ಲಿನಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರಿನಲ್ಲಿ, ಈ ಪಟ್ಟಿ ಮಾಡುವ ಪ್ರೋಗ್ರಾಂ ಬರೆದಿದ್ದಳು, ಹೆಸರು ಜೋಡಿಸುವಷ್ಟು ಹೊತ್ತು ಕಡತ ಇಡಲು ಅಲ್ಲಿನ ತಾತ್ಕಾಲಿಕ ಫೋಲ್ಡರಿನ ಹೆಸರನ್ನೇ ಕಲ್ಲಲ್ಲಿ ಕೊರೆದಂತೆ ಬರೆದಿಟ್ಟಿದ್ದಳು, ಇಲ್ಲಿನದು ವಿಂಡೋಸ್, ಇಲ್ಲಿ ಆ ಹೆಸರಿನ ಜಾಗವೇ ಇಲ್ಲ, ಇಡಲು ಎಡೆಯಿಲ್ಲದೆ ಪಟ್ಟಿ ನಡುದಾರಿಯಲ್ಲೇ ನಿಂತಿತು. ಚಿಕ್ಕವಳಿದ್ದಾಗ ಅವ್ವನ ಜೊತೆ ಅಬ್ಬೆತುಮಕೂರಿನ ಮಠಕ್ಕೆ ಹೋಗುತ್ತಿದ್ದಳು, ಅವ್ವ ತಾನಾಗಿ ಎಲ್ಲೂ ಗಂಟು ಇಳಿಸುತ್ತಿರಲಿಲ್ಲ, ಯಪ್ಪಾ, ಗಂಟು ಎಲ್ಲಿ ಇಡ್ಲಿರಿ ಎಂದು ಕೇಳುವಳು, ಮಠದ ಮುದುಕ ನೆಲ ಮುಟ್ಟಿ ಹಸಿ ಇಲ್ಲವೆಂದು ನೋಡಿ, ಇಲ್ಲಿಡವ್ವಾ, ಹೋಗಾಗ ಕಸ ಹೊಡದು ಹೋಗು — ಹೌದಲ್ಲ, ಕೇಳಬೇಕಿತ್ತು, ಪ್ರೋಗ್ರಾಂ ಬರೆದ ಪೈಥಾನ್ ಭಾಷೆಯಲ್ಲಿ ಹಾಗೆ ಕೇಳುವುದಕ್ಕೆಂದೇ ಒಂದು ಮಾತಿದೆ, ಯಂತ್ರದ ಯಜಮಾನ ಎಲ್ಲಾದರೂ ಜಾಗ ಹೇಳಿಟ್ಟಿದ್ದಾನೋ ಎಂದು ಮೂರು ಹೆಸರು ಹಿಡಿದು ಹುಡುಕುತ್ತದೆ, ಇಲ್ಲವಾದರೆ ಆ ಯಂತ್ರದ ರೂಢಿಯ ಜಾಗಗಳನ್ನು, ಸಿಕ್ಕರೂ ನಂಬದೆ ಒಂದು ಚಿಕ್ಕ ಕಡತ ಬರೆದು, ಅಳಿಸಿ, ಆಮೇಲೆ ಇಲ್ಲಿ ಎನ್ನುತ್ತದೆ, ಯಾವ ಊರಿನ ಯಂತ್ರವಾದರೇನು, ಯಾರೋ ಕಾಣದ ಪುಣ್ಯಾತ್ಮರು ಬರುವವರ ಗಂಟಿಗೆಲ್ಲ ಮೊದಲೇ ಜಾಗ ಮಾಡಿಟ್ಟಿದ್ದಾರೆ, ಮೋನಮ್ಮನ ಮೈ ಜುಮ್ಮೆಂದಿತು. ಒಂದೇ ಸಾಲು ಬದಲಿಸಿದಳು, ಒತ್ತಿದಳು, ಪ್ರಿಂಟರಿನಿಂದ ಹೊಸ ಪಟ್ಟಿ ಬೆಚ್ಚಗೆ ಹೊರಬಂತು, ಎಂಟಕ್ಕೆ ಹುಲಗಪ್ಪ, ಹನ್ನೆರಡಕ್ಕೆ ಹಂಪಮ್ಮ, ಮುಂದಿನ ವಾರದ ಪಾಳಿಗಳೂ ಕೆಳಗೆ — ಆದರೆ ಹೋದ ವಾರ ಹಂಪಮ್ಮನಿಗೆ ತಪ್ಪಿದ ನೀರು, ಅದನ್ನು ಯಾವ ಪ್ರೋಗ್ರಾಂ ತಂದುಕೊಡುತ್ತದೆ, ನಿನ್ನ ಪಾಳಿ ಬಿಟ್ಟುಕೊಡು ಎಂದು ಹುಲಗಪ್ಪನನ್ನು ಬಾಯಿ ಬಿಟ್ಟು ಕೇಳಲೇ, ಕೇಳಲು ತನಗೆ ಯಾವ ಮುಖ. ಪಾಳಿ ಯಾರದೋ ತೂಬಿನ ಕೀಲಿಕೈ ಅವರ ಹತ್ತಿರ, ಅದು ಇಲ್ಲಿನ ರೂಢಿ, ಹುಲಗಪ್ಪ ಪಟ್ಟಿಯ ಮೇಲೆ ಬೆರಳಿಟ್ಟು ಓದಿದ, ಇನ್ನೊಮ್ಮೆ ಓದಿದ, ಸೊಂಟದ ಉಡುದಾರದಿಂದ ಕೀಲಿಕೈ ಬಿಚ್ಚಿದ, ಹಂಪಮ್ಮನ ಅಂಗೈಯಲ್ಲಿಟ್ಟು ತಿರುಗಿ ನೋಡದೆ ಹೊರಟ, ಗಂಟೆ ಇನ್ನೂ ಎಂಟಾಗಿಲ್ಲ, ಎಂಟರ ಪಾಳಿ ಅವನದೇ, ಅವಳ ಅಂಗೈಯಲ್ಲಿ ಕೀಲಿಕೈ, ಕೀಲಿಕೈ —