ಗೇಟಿನ ಮೇಲಿನ ಕಪ್ಪು ಅಂಚು

ಗುಡ್ಡಗಾಡಿನ ಹಳ್ಳಿ ಕ್ರಿವಾ ಚೆಷ್ಮಾದ ಶಾಲೆಯಲ್ಲಿ ಈಗ ಉಳಿದಿರುವುದು ಏಳು ಮಕ್ಕಳು, ಒಂದು ಕಟ್ಟಿಗೆ ಒಲೆ, ಒಬ್ಬಳು ಟೀಚರ್. ಟೀಚರ್ ರುಮೆನಾ ಚಳಿಗಾಲ ಪೂರ್ತಿ ಅಲ್ಪವಿರಾಮ ಕಲಿಸಿದ್ದಳು. ಅದಕ್ಕೆಂದು ಓದಿಸಿದ್ದು ಗಟ್ಟಿಗಿತ್ತಿಯರ ಕತೆಗಳನ್ನು. ಹಿಮದಲ್ಲಿ ಗುಡ್ಡ ದಾಟಿ ಹೋಗಿ ಹೆರಿಗೆ ಮಾಡಿಸಿದ ಸೂಲಗಿತ್ತಿ, ಗಂಡಸರು ನಗುತ್ತಿದ್ದ ಹಾಗೆಯೇ ಟ್ರ್ಯಾಕ್ಟರ್ ಏರಿ ಕೂತವಳು, ಹೀಗೆ. ಮಕ್ಕಳು ಉಸಿರು ಕಟ್ಟಿದಲ್ಲೆಲ್ಲ ಒಂದೊಂದು ಅಲ್ಪವಿರಾಮ ಹಾಕುತ್ತಿದ್ದರು.

"ಇದೇನೇ ಇಲಿಂಕಾ, ಕೋಳಿಗೆ ಕಾಳು ಚೆಲ್ಲಿದ ಹಾಗೆ ಚೆಲ್ಲಿದ್ದೀಯ?"

"ಸೂಲಗಿತ್ತಿ ಗುಡ್ಡ ಹತ್ತುತಾ ಇದ್ದಾಳಲ್ಲ ಟೀಚರ್, ಅವಳಿಗೆ ಏದುಸಿರು ಬರಲ್ವಾ?"

ರುಮೆನಾ ನಗದೆ ತಿದ್ದಿಸಿದಳು. ತಪ್ಪಿರುವ ಹಾಳೆ ಶಾಲೆಯ ಬಾಗಿಲು ದಾಟಕೂಡದು ಎನ್ನುವುದು ಅವಳ ಕಟ್ಟಪ್ಪಣೆ.

ಮಾರ್ಚ್ ಎಂಟು ಹೆಂಗಸರ ದಿನ. ಆ ದಿನಕ್ಕೆ ಪ್ರತಿಯೊಬ್ಬರೂ ಊರಿನ ಒಬ್ಬ ಹೆಂಗಸಿನ ಬಗ್ಗೆ ಬರೆದು, ಅವಳ ಫೋಟೊ ಸೇರಿಸಿ, ಬೆಳಿಗ್ಗೆ ಅವಳ ಗೇಟಿಗೆ ಅಂಟಿಸಬೇಕೆಂದು ಹೇಳಿದ್ದಳು. ಇಲಿಂಕಾ ಆರಿಸಿಕೊಂಡದ್ದು ಸ್ತಾಮೆನಾಳನ್ನು. ಊರ ಮೇಲಿನ ಬುಗ್ಗೆಯ ಕಲ್ಲುತೊಟ್ಟಿಯನ್ನು ಪಾಚಿ ತಿಕ್ಕಿ ತೊಳೆಯುತ್ತಿದ್ದವಳು ಅವಳು. ಕಲ್ಲುಕ್ವಾರಿಯವರ ಟ್ಯಾಂಕರ್ ಆ ಬುಗ್ಗೆಗೇ ಹೊಲಸು ನೀರು ಬಿಟ್ಟದ್ದನ್ನು ಕಣ್ಣಾರೆ ಕಂಡವಳೂ ಅವಳೊಬ್ಬಳೇ. ಸೋಮವಾರ ಪಟ್ಟಣದ ಕೋರ್ಟಿನಲ್ಲಿ ಅವಳ ಸಾಕ್ಷಿ ಇತ್ತು. ಅವಳು ಬಾಯಿ ಬಿಟ್ಟರೆ ಬುಗ್ಗೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಇದು ಊರಿಗೆಲ್ಲ ಗೊತ್ತು. ಹೋದ ವಾರ ಅವಳ ನಾಯಿ ನೊರೆ ಕಾರಿ ಸತ್ತದ್ದೂ ಗೊತ್ತು. ಆ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಹೆಂಗಸರ ದಿನ ಬೆಳಿಗ್ಗೆ ಊರಲ್ಲಿ ಬೊಬ್ಬೆ ಎದ್ದಿತು. ಮಕ್ಕಳು ಬರೆದದ್ದೆಲ್ಲ ಸರಿಯಾಗಿಯೇ ಇತ್ತು. ಆದರೆ ಮನೆಗೆ ಒಯ್ದು ಹಾಳೆಯ ಸುತ್ತ ದಪ್ಪನೆ ಕಪ್ಪು ಅಂಚು ಎಳೆದಿದ್ದರು. ಅವರು ಹುಟ್ಟಿದಾಗಿನಿಂದ ಈ ಊರಿನ ಗೇಟುಗಳ ಮೇಲೆ ಕಂಡದ್ದು ಒಂದೇ ಬಗೆಯ ಕಾಗದ. ಸತ್ತವರ ಫೋಟೊ, ಹೆಸರು, ಸುತ್ತ ಕಪ್ಪು ಅಂಚು. ಅಂಟಿಸಿದ ಮೇಲೆ ಮಳೆಗೆ ಕರಗಿ ಬೀಳುವವರೆಗೆ ಅದನ್ನು ಯಾರೂ ಕೀಳುವುದಿಲ್ಲ. ಗೇಟಿನ ಮೇಲಿನ ಕಾಗದವೆಂದರೆ ಹಾಗೇ ಇರಬೇಕೆಂದು ಮಕ್ಕಳು ತಿಳಿದಿದ್ದರು.

ಹಾಗೆ ಕಾಗದ ಅಂಟಿದ್ದ ಗಿನ್ಕಜ್ಜಿಯ ಮನೆಗೆ ನೆರೆಯವಳು, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ ಹಿಡಿದುಕೊಂಡು ಅಳುತ್ತಲೇ ಬಂದಳಂತೆ. ಬಾಗಿಲು ತೆರೆದವಳು ಅಜ್ಜಿಯೇ.

"ನಿಲ್ಲು, ನಿಲ್ಲು, ಸಕ್ಕರೆ ಹಾಕಿದ್ದೀಯೇನೇ? ಹೋದ ಸಲ ಮಿಟ್ಕೊನ ತಿಥಿಗೆ ಸಪ್ಪೆ ಮಾಡಿದ್ದೆ," ಎಂದು ಬಟ್ಟಲು ಕಸಿದುಕೊಂಡಳಂತೆ.

ರುಮೆನಾಳಿಗೆ ನಗಲಾಗಲಿಲ್ಲ. ನೇರ ಸ್ತಾಮೆನಾಳ ಮನೆಗೆ ನಡೆದಳು. ಗೇಟಿನಲ್ಲಿ ಗೋಂದಿನ ಕಲೆ ಮಾತ್ರ ಇತ್ತು. ಒಳಗೆ ಸ್ತಾಮೆನಾ ಚೀಲಕ್ಕೆ ಬಟ್ಟೆ ತುರುಕುತ್ತಿದ್ದಳು.

"ತಂಗಿ ಮನೆಗೆ ಹೊರಟೆ ಕಣೆ. ಕೋರ್ಟೂ ಬೇಡ, ಬುಗ್ಗೆಯೂ ಬೇಡ. ಬದುಕಿದ್ದ ಹಾಗೇ ನನ್ನ ಸಾವಿನ ಕಾಗದ ಅಂಟಿಸಿದ್ದಾರೆ."

"ಎಲ್ಲಿ ಅದು?"

"ಒಲೆಗೆ ಹಾಕಿದೆ. ಕಪ್ಪು ಅಂಚು ಕಂಡೆ, ನನ್ನ ಹೆಸರು ಕಂಡೆ. ಇನ್ನೇನು ಓದೋದು?"

"ಅಯ್ಯೋ ಅಕ್ಕಾ! ಅದು ನನ್ನ ಮಕ್ಕಳ ಕೆಲಸ." ರುಮೆನಾ ಎಲ್ಲವನ್ನೂ ಹೇಳಿದಳು.

ಸ್ತಾಮೆನಾ ಚೀಲವನ್ನು ಕುರ್ಚಿಯ ಮೇಲಿಟ್ಟಳು. ಆಮೇಲೆ ಭುಜ ಕುಣಿಯುವಷ್ಟು ನಕ್ಕಳು. "ಪಾಪಿ ಮುಂಡೇವು! ನನ್ನ ಜೀವವೇ ಹಾರಿಹೋಗಿತ್ತು." ಚೀಲದಿಂದ ಬಿಳಿ ಅಂಗಿಯನ್ನು ಹೊರತೆಗೆದು ಕೊಡವಿದಳು. "ಸೋಮವಾರ ಇದನ್ನೇ ಹಾಕ್ಕೋತೀನಿ. ಇಸ್ತ್ರಿ ಮಾಡಬೇಕು."

ಮಧ್ಯಾಹ್ನ ರುಮೆನಾ ಮನೆ ಮನೆಗೆ ಹೋಗಿ ಕ್ಷಮೆ ಕೇಳಿ, ಹಾಳೆಗಳನ್ನು ಕಿತ್ತು ತಂದಳು. ಶಾಲೆಯ ಮೆಟ್ಟಿಲ ಮೇಲೆ ಇಲಿಂಕಾ ಕಾಯುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ಊರವರೆಲ್ಲ ಒಳ್ಳೆಯದಾಗಲೆಂದು ಕೈಗೆ ಕಟ್ಟಿಕೊಳ್ಳುವ ಕೆಂಪು ಬಿಳಿ ದಾರವನ್ನು ಕಚ್ಚುತ್ತಿದ್ದಳು.

"ಬೈಬೇಡಿ ಟೀಚರ್. ನಾನು ಅಂಟಿಸಲೇ ಇಲ್ಲ."

"ಏನನ್ನ?"

"ಸ್ತಾಮೆನತ್ತೆದು. ಒಂದು ಕಡೆ ಅಲ್ಪವಿರಾಮ ಬೇಕೋ ಬೇಡವೋ ಅಂತ ಅನುಮಾನ ಬಂತು. ತಪ್ಪಿರೋ ಹಾಳೆ ಹೊರಗೆ ಹೋಗಕೂಡದು ಅಂದಿದ್ರಲ್ಲ. ಇಲ್ಲೇ ಡೆಸ್ಕಿನಲ್ಲಿ ಇಟ್ಟು ಹೋಗಿದ್ದೆ." ಹಾಳೆಯನ್ನು ಚಾಚಿದಳು. ಫೋಟೊದಲ್ಲಿ ಸ್ತಾಮೆನಾ ತೊಟ್ಟಿಯ ಪಕ್ಕ ನಿಂತಿದ್ದಳು. ಅಂಚು ಇರಲಿಲ್ಲ.

ರುಮೆನಾ ಆ ಹಾಳೆಯನ್ನು ತೆಗೆದುಕೊಂಡಳು. ಬೆಳಿಗ್ಗೆ ಆ ಗೇಟಿಗೆ ಅಂಟಿದ್ದುದು ಮಕ್ಕಳದ್ದಲ್ಲ. ಯಾರದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಸುಮ್ಮನಿದ್ದುಬಿಟ್ಟರೆ ಸ್ತಾಮೆನಾ ಸೋಮವಾರ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತುತ್ತಾಳೆ. ಹೇಳಿದರೆ ತಂಗಿ ಮನೆಗೆ ಹೋಗುತ್ತಾಳೆ, ಬುಗ್ಗೆ ಹೋಗುತ್ತದೆ. ರುಮೆನಾ ಶಾಲೆಯ ಬೀಗ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ನಿಜ ಗೊತ್ತಿಲ್ಲದವಳನ್ನು ಆ ಬಸ್ಸಿಗೆ ಹತ್ತಿಸಲು ಅವಳಿಂದಾಗಲಿಲ್ಲ. ಮೇಲಿನ ಕೇರಿಗೆ ನಡೆದಳು.

ಸ್ತಾಮೆನಾ ಇಸ್ತ್ರಿ ಮಾಡುತ್ತಿದ್ದಳು. ರುಮೆನಾ ನಿಂತುಕೊಂಡೇ ಹೇಳಿ ಮುಗಿಸಿದಳು. ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೆ ನಿಂತೇ ಇತ್ತು. ಸುಟ್ಟ ವಾಸನೆ ಬಂದಾಗ ಸ್ತಾಮೆನಾ ಅದನ್ನು ಎತ್ತಿದಳು.

"ಆ ಹುಡುಗಿ ಬರೆದದ್ದು ಕೊಡು."

ಕಿಟಕಿಯ ಬೆಳಕಿಗೆ ಹಿಡಿದು, ಪ್ರತಿ ಅಲ್ಪವಿರಾಮಕ್ಕೂ ನಿಂತು, ಗಟ್ಟಿಯಾಗಿ ಓದಿದಳು. ಸ್ತಾಮೆನತ್ತೆ ಹಿಮ ಬಿದ್ದರೂ, ಕೈ ಒಡೆದರೂ, ತೊಟ್ಟಿ ತೊಳೆಯುತ್ತಾಳೆ, ನಾವು ಕುಡಿಯುತ್ತೇವೆ. ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು.

"ಇದರಲ್ಲಿ ತಪ್ಪಿದೆಯಾ?"

"ಇಲ್ಲ ಅಕ್ಕ. ಅವಳು ಸುಮ್ಮನೆ ಹೆದರಿದ್ದಾಳೆ."

"ಹೆದರಲಿ. ಹೆದರಿದವರೇ ಸರಿಯಾಗಿ ಬರೆಯೋದು." ಸ್ತಾಮೆನಾ ಹಿಟ್ಟು ಕಲಸಿ ಗೋಂದು ಮಾಡಿದಳು. ಇಬ್ಬರೂ ಗೇಟಿಗೆ ಬಂದರು. ಬೆಳಗಿನ ಕಲೆಯ ಮೇಲೆಯೇ ಹಾಳೆಯನ್ನು ಒತ್ತಿ ಅಂಗೈಯಿಂದ ಸವರಿದಳು.

ಬುಗ್ಗೆಯ ತಿರುವಿನಲ್ಲಿ ಒಂದು ಬೂದು ಕಾರು ನಿಂತಿತ್ತು. ಒಳಗಿದ್ದವರು ಕಾಣುತ್ತಿರಲಿಲ್ಲ. ಇಂಜಿನ್ ಓಡುತ್ತಲೇ ಇತ್ತು.

"ಸೋಮವಾರ ಮಕ್ಕಳಿಗೆ ರಜೆ ಕೊಡ್ತೀಯೇನೇ?" ಸ್ತಾಮೆನಾ ಕಾರಿನ ಕಡೆ ತಿರುಗದೆಯೇ ಕೇಳಿದಳು.

"ಯಾಕೆ?"

"ಬಸ್ಸಿನಲ್ಲಿ ನನ್ನ ಪಕ್ಕ ಯಾರಾದರೂ ಕೂತ್ಕೋಬೇಕು."

ರುಮೆನಾಳ ಕೈಯಲ್ಲಿ ಗೋಂದು ಒಣಗಿ ಬಿಗಿಯುತ್ತಿತ್ತು. ಕಾರು ನಿಧಾನವಾಗಿ ಇಳಿಜಾರಿಗೆ ಬಂತು, ಗೇಟಿನ ಎದುರು ಹಾಳೆ ಓದುವಷ್ಟು ಹೊತ್ತು ನಿಂತಿತು, ಮುಂದೆ ಹೋಯಿತು.

"ಕಿಟಕಿ ಕಡೆ ನಾನು ಕೂರ್ತೀನಿ," ಎಂದಳು ರುಮೆನಾ.