ಕೊಟ್ರಬಸಮ್ಮನ ಬ್ಲಾಕ್

ನಾನು ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿದಾಗ ಕೊಟ್ರಬಸಮ್ಮ ನಕ್ಕಳು. "ಕುರಿಗೆ ಉಣ್ಣಿ ಔಷಧಿ ಹಚ್ಚಿದಂಗ ಹಚ್ತೀಯಲ್ಲೋ ತಮ್ಮಾ."

"ಸುಮ್ಕ ಮಲಕ್ಕೋ ಬೇ" ಎಂದ ಪರದೆಯ ಪಕ್ಕ ನಿಂತಿದ್ದ ಮಗ ಓಬಳೇಶ್.

ಅವರು ಚಿಗಟೇರಿಯವರು. ಒಂದೇ ವಾರದಲ್ಲಿ ಆಕೆ ಕುರಿಹಟ್ಟಿಯಲ್ಲಿ ಮೂರು ಸಲ ಬಿದ್ದಿದ್ದಳು. ಅರ್ಧ ನಿಮಿಷ ಎಚ್ಚರ ತಪ್ಪುವುದು, ಆಮೇಲೆ ತಾನೇ ಎದ್ದು ನೀರು ಕೇಳುವುದು. ಮೈಮೇಲೆ ದೇವರು ಬರುತ್ತಿದ್ದಾನೆ ಎಂದು ಓಣಿಯವರು ಕಾಯಿ ಒಡೆಸಿದ್ದರಂತೆ. ಓಬಳೇಶನಿಗೆ ಸಮಾಧಾನವಾಗದೆ ಹರಪನಹಳ್ಳಿಯ ನಮ್ಮ ಆಸ್ಪತ್ರೆಗೆ ಕರೆತಂದಿದ್ದ.

ನಾನು ಅಲ್ಲಿ ಇಸಿಜಿ ತೆಗೆಯುವವನು. ಹಗಲು ಬಟ್ಟೆ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಕಲಿತ ವಿದ್ಯೆ. ಆದ್ದರಿಂದ ಯಂತ್ರದಿಂದ ಬರುವ ಪ್ರತಿ ಕಾಗದದ ಪಟ್ಟಿಯನ್ನೂ ಎರಡೆರಡು ಸಲ ನೋಡುತ್ತೇನೆ. "ಭೀಮರಾಜ, ನೀನು ನೋಡಿ ಮುಗಿಸೋದ್ರಾಗ ಪೇಷಂಟ್ ಮುಪ್ಪಾಗ್ತಾನಪ್ಪ" ಎನ್ನುತ್ತಾರೆ ಡಾಕ್ಟರ್ ಪ್ರವೀಣಕುಮಾರ್.

ಪಟ್ಟಿಯ ಮೇಲೆ ಯಂತ್ರ ಮುದ್ರಿಸಿದ್ದು ಇಷ್ಟೇ: ಬಡಿತ ನಿಧಾನ. ನನಗೆ ಬೇರೆ ಏನೋ ಕಾಣುತ್ತಿತ್ತು. ಹೃದಯದ ಮೇಲಿನ ಕೋಣೆ ಬಡಿದಾಗ ಸಣ್ಣ ಅಲೆ, ಕೆಳಗಿನದು ಬಡಿದಾಗ ಉದ್ದನೆಯ ಮುಳ್ಳು. ಅಲೆಯ ಹಿಂದೆಯೇ ಮುಳ್ಳು ಬರಬೇಕು. ಒಂದು ಹಾಳೆಯ ಅಂಚನ್ನು ಪಟ್ಟಿಗೆ ಹೊಂದಿಸಿ, ಎರಡು ಸಣ್ಣ ಅಲೆಗಳ ನೇರಕ್ಕೆ ಪೆನ್ಸಿಲ್ ಗುರುತು ಹಾಕಿ, ಹಾಳೆಯನ್ನು ಮುಂದೆ ಮುಂದೆ ಸರಿಸಿದೆ. ಅಲೆಗಳು ತಮ್ಮ ಪಾಡಿಗೆ ನಿಮಿಷಕ್ಕೆ ಎಪ್ಪತ್ತೈದರಂತೆ ಹೋಗುತ್ತಿದ್ದವು. ಮುಳ್ಳುಗಳು ತಮ್ಮ ಪಾಡಿಗೆ, ಮೂವತ್ನಾಲ್ಕು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ನಾನೇ ತಪ್ಪಿದೆನೇನೋ ಎಂದು ಮತ್ತೊಂದು ಪಟ್ಟಿ ತೆಗೆದೆ. ಅದರಲ್ಲೂ ಅದೇ.

ಡಾಕ್ಟರು ಬೇರೆ ಊರಲ್ಲಿ ಆಪರೇಷನ್‌ನಲ್ಲಿದ್ದರು. ಪಟ್ಟಿಯ ಫೋಟೊ ತೆಗೆದು, ನನಗೆ ಕಂಡದ್ದನ್ನೂ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಕಂಪ್ಲೀಟ್ ಹಾರ್ಟ್ ಬ್ಲಾಕ್, ನೀನು ಹೇಳಿದ್ದು ಸರಿ ಐತಿ. ಪೇಸ್‌ಮೇಕರ್ ಹಾಕ್ಬೇಕು. ಈಗಿಂದೀಗ ಆಂಬುಲೆನ್ಸಿನಾಗ ದಾವಣಗೆರೆಗೆ ಕಳಿಸು. ಮನೆಯವರಿಗೆ ನೀನೇ ಹೇಳು."

ನನ್ನ ಓದು ಸರಿಯಾಗಿತ್ತು ಎಂಬ ಸಂತೋಷ ಒಂದು ಕ್ಷಣ ಆಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

"ನಿಮ್ಮವ್ವಗ ಹಾರ್ಟ್ ಬ್ಲಾಕ್ ಐತ್ರಿ. ದಾವಣಗೆರಿಗೆ ಹೋಗ್ಬೇಕು" ಎಂದೆ.

ಓಬಳೇಶನ ಮುಖ ಸಡಿಲವಾಯಿತು. "ಬ್ಲಾಕೇನ್ರಿ? ಅಷ್ಟ ಹೌದಲ್ಲ? ನಮ್ಮ ದೊಡ್ಡಪ್ಪ ದೊಡ್ಡಬೀರಪ್ಪಗ ಎರಡು ಬ್ಲಾಕ್ ಅದಾವು. ಗುಳಿಗಿ ನುಂಗ್ಕೋಂತ ಈಗೂ ಕುರಿ ಹಿಂದ ಅಡ್ಡಾಡ್ತಾನ."

"ಅದು ರಕ್ತನಾಳದ ಬ್ಲಾಕು. ಇದು ಬ್ಯಾರೆ."

"ಬ್ಯಾರೆ ಅಂದ್ರ ಸಣ್ಣದೇನ್ರಿ?"

"ಸಣ್ಣದಲ್ಲ. ಇವತ್ತೇ ಹೋಗ್ಬೇಕು."

"ನನಗೂ ನಿಮ್ಮ ದೊಡ್ಡಪ್ಪಗೂ ಒಂದ ಜಡ್ಡು ನೋಡು" ಎಂದು ಕೊಟ್ರಬಸಮ್ಮ ಮಗನ ತೋಳು ತಟ್ಟಿದಳು.

ಇದು ನಾಳ ಕಟ್ಟಿಕೊಂಡಿದ್ದಲ್ಲ, ಹೃದಯದೊಳಗಿನ ಕರೆಂಟೇ ಕೆಳಗೆ ಇಳಿಯುತ್ತಿಲ್ಲ, ಯಾವಾಗ ಬೇಕಾದರೂ ನಿಲ್ಲಬಹುದು ಎಂದು ಬಿಡಿಸಿ ಹೇಳಬೇಕಿತ್ತು. ಆಕೆಯ ಎದುರಿಗೇ ಹೇಗೆ ಹೇಳುವುದು ಎಂದು ಅಳುಕಿದೆ. ಆಂಬುಲೆನ್ಸ್ ಹಗರಿಬೊಮ್ಮನಹಳ್ಳಿ ಕಡೆ ಹೋಗಿತ್ತು, ಬರಲು ನಲವತ್ತು ನಿಮಿಷ. ಬೆಂಚಿನ ಮೇಲೆ ಕೂರಲು ಹೇಳಿ ಮುಂದಿನವರ ಇಸಿಜಿಗೆ ಹೋದೆ.

ಅರ್ಧ ಗಂಟೆಯ ಮೇಲೆ ಹೊರಬಂದಾಗ ಬೆಂಚು ಖಾಲಿ. ನರ್ಸ್ ಹಂಪಮ್ಮ ಹೇಳಿದಳು: "ಬರೇ ಬ್ಲಾಕ್ ಅಷ್ಟ ಅಲ್ಲೇನು ಅಂದ್ರು. ಬಟ್ಟಿಬರಿ ತಗಂಡು, ಸಂಜಿಗೆ ದಾವಣಗೆರಿಗೆ ಹೋಗ್ತೀವಿ ಅಂದ್ರು. ಬೈಕ್ ಮ್ಯಾಲೆ ಹೋದ್ರು."

ಫೋನ್ ಮಾಡಿದೆ. ಮೂರನೆಯ ಸಲಕ್ಕೆ ಓಬಳೇಶ್ ಎತ್ತಿದ.

"ಆಗಲೇ ಮನಿಗೆ ಬಂದು ಮುಟ್ಟೀವ್ರಿ. ಹಾದ್ಯಾಗ ತ್ರಾಸಾಗಬಾರ್ದಂತ ದೊಡ್ಡಪ್ಪನ ಬ್ಲಾಕಿನ ಗುಳಿಗಿ ಒಂದು ಕೊಟ್ಟೀನಿ. ಮಲಗ್ಯಾಳ."

"ಅದರ ಹೆಸರು ಓದ್ರಿ."

ಒಂದೊಂದೇ ಅಕ್ಷರ ಓದಿದ. ಎದೆಬಡಿತವನ್ನು ನಿಧಾನ ಮಾಡುವ ಗುಳಿಗೆ ಅದು. ದೊಡ್ಡಬೀರಪ್ಪನನ್ನು ಕಾಯುವ ಗುಳಿಗೆ. ನಿಮಿಷಕ್ಕೆ ಮೂವತ್ನಾಲ್ಕೇ ಸಲ ಬಡಿಯುವ ಹೃದಯಕ್ಕೆ ಕೊಡಲೇಬಾರದ್ದು.

ಆಂಬುಲೆನ್ಸನ್ನು ನೇರ ಚಿಗಟೇರಿಗೆ ಕಳಿಸಿದೆ. ದಾವಣಗೆರೆ ಇನ್ನೂ ಎಂಟು ಮೈಲಿ ಇರುವಾಗ ಕೊಟ್ರಬಸಮ್ಮ ತೀರಿಕೊಂಡಳು.

ಎರಡು ವಾರದ ನಂತರ ಓಬಳೇಶ್ ಬಂದ. ದೊಡ್ಡಪ್ಪನ ಗುಳಿಗೆಗಳಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟ.

"ಖರೇ ಹೇಳ್ರಿ. ಇದರಿಂದ ಹೋದ್ಲೇನು ನಮ್ಮವ್ವ?"

ಒಂದು ಗುಳಿಗೆಯಿಂದಲೇ ಎಂದು ಯಾರೂ ಹೇಳಲಾರರು, ನೀನು ಬಾಯಿ ಬಿಡಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವರ ಮಾತಿನ ಮೊದಲರ್ಧ ನಿಜ.

"ಗೊತ್ತಿಲ್ಲಪ್ಪ. ಗುಳಿಗಿ ಕೊಡದಿದ್ರೂ ಹೋಗ್ತಿದ್ಲೇನೋ. ಆದ್ರ ಅಕಿಗೆ ಅದನ್ನ ಕೊಡಬಾರ್ದಿತ್ತು. ಬ್ಲಾಕ್ ಅಂದೋನು ನಾನು. ಎಂಥ ಬ್ಲಾಕು ಅಂತ ತಿಳಿಸಿ ಹೇಳಲಿಲ್ಲ. ತಪ್ಪು ನಂದು."

ಅವನು ಬಯ್ಯಬಹುದು, ಹೊಡೆಯಬಹುದು ಎಂದುಕೊಂಡೆ. ಅವನು ಹಾಳೆಯನ್ನು ಮಡಚಿ ಮತ್ತೆ ಜೇಬಿಗೆ ಹಾಕಿಕೊಂಡ.

"ನೀವು ಇವತ್ತೇ ಹೋಗು ಅಂದಿದ್ರಿ. ನಾ ಕೇಳಲಿಲ್ಲ" ಎಂದ. ಆಮೇಲೆ, "ದೊಡ್ಡಪ್ಪ ಗುಳಿಗಿ ಬಿಟ್ಟಾನ್ರಿ. ನನ್ನ ಗುಳಿಗೀನ ಅಕಿನ್ನ ತಿಂತು ಅಂತಾನ. ಅವತ್ತಿನಿಂದ ಒಂದೂ ನುಂಗಿಲ್ಲ. ನಿನ್ನೆಯಿಂದ ಎದಿ ಹಿಡ್ಕಂಡು ಕುಂತಾನ."

ನಾನು ಎದ್ದು ಹಂಪಮ್ಮನಿಗೆ ಆಂಬುಲೆನ್ಸಿಗೆ ಫೋನ್ ಮಾಡಲು ಹೇಳಿ, ಇಸಿಜಿ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡೆ. ಓಬಳೇಶ್ ಬೈಕ್ ಚಾಲೂ ಮಾಡಿದ. ಆ ಮುದುಕನಿಗೆ ಯಾವ ಮಾತಿನಿಂದ ಶುರು ಮಾಡಬೇಕೆಂದು ಚಿಗಟೇರಿ ಬರುವವರೆಗೂ ನನಗೆ ಹೊಳೆಯಲಿಲ್ಲ.